ಮೊಣಕಾಲು: ಬಾಗುವ ಕೀಲು, ಹೊರುವ ಕಂಬ

ಮಾನವ ದೇಹದ ಕೀಲುಗಳಲ್ಲೆಲ್ಲ ಅತಿ ದೊಡ್ಡದು ಮೊಣಕಾಲಿನ ಕೀಲು. ದೊಡ್ಡದಾದ ಮಾತ್ರಕ್ಕೆ ಅದು ಅತಿ ಭದ್ರವಾದುದೆಂದು ತಿಳಿಯುವಂತಿಲ್ಲ. ಸೊಂಟದ ಕೀಲಿನಲ್ಲಿ ತೊಡೆಯೆಲುಬಿನ ದುಂಡಾದ ತಲೆ ಆಳವಾದ ಬಟ್ಟಲೊಂದರಲ್ಲಿ ಕುಳಿತಿರುತ್ತದೆ. ಅದನ್ನು ಅಲ್ಲಿಂದ ಕದಲಿಸುವುದು ಸುಲಭವಲ್ಲ. ಮೊಣಕೈಯಲ್ಲಿ ಒಂದು ಎಲುಬು ಇನ್ನೊಂದನ್ನು ಕೊಕ್ಕೆಯಂತೆ ಹಿಡಿದುಕೊಂಡಿರುತ್ತದೆ. ಮೊಣಕಾಲಿಗೆ ಇಂತಹ ಯಾವ ಅನುಕೂಲವೂ ದೊರೆತಿಲ್ಲ. ತೊಡೆಯೆಲುಬಿನ ಕೆಳತುದಿ ಎರಡು ದುಂಡನೆಯ ಉಬ್ಬುಗಳಾಗಿ ಕವಲೊಡೆದಿದೆ; ಆ ಉಬ್ಬುಗಳು ಕುಳಿತಿರುವುದು ಕೆಳಗಾಲಿನ ದಪ್ಪ ಎಲುಬಿನ, ಬಹುಮಟ್ಟಿಗೆ ಚಪ್ಪಟೆಯಾದ ನೆತ್ತಿಯ ಮೇಲೆ. ಊಟದ ಮಣೆಯ ಮೇಲೆ ಎರಡು ತೆಂಗಿನಕಾಯಿಗಳನ್ನು ಅಕ್ಕಪಕ್ಕದಲ್ಲಿರಿಸಿದರೆ ಹೇಗೋ ಹಾಗೆ. ದೇಹದಲ್ಲಿಯೇ ಅತ್ಯಂತ ನೀಳವಾದ ಎರಡು ಎಲುಬುಗಳು ಇಷ್ಟು ಅಸ್ಥಿರವಾದ ಆಧಾರದಲ್ಲಿ ಒಂದರ ಮೇಲೊಂದು ನಿಂತಿರುವುದು ಆಶ್ಚರ್ಯದ ಸಂಗತಿಯೇ ಸರಿ.

ಇಂತಹ ಜೋಡಣೆಗೆ ದೇಹವು ವಹಿಸಿರುವ ಕೆಲಸವಾದರೂ ಎಂತಹುದು? ಎದ್ದು ನಿಂತಾಗ ಮೊಣಕಾಲು ಕಲ್ಲುಕಂಬದಂತೆ ನೆಟ್ಟಗಿದ್ದು ಮೇಲಿನ ಭಾರವನ್ನೆಲ್ಲ ಹೊರಬೇಕು. ಮರುಕ್ಷಣದಲ್ಲಿ ನೆಲದ ಮೇಲೆ ಕೂರಬೇಕೆಂದರೆ ತೊಡೆ ಮೀನಖಂಡಕ್ಕೆ ತಗಲುವಷ್ಟು ಮಡಿಚಿಕೊಳ್ಳಬೇಕು. ಚಲನೆಯನ್ನು ಹೆಚ್ಚಿಸಿದರೆ ಭದ್ರತೆ ಕುಗ್ಗುತ್ತದೆ, ಭದ್ರತೆಯನ್ನು ಹೆಚ್ಚಿಸಿದರೆ ಚಲನೆ ಕುಗ್ಗುತ್ತದೆ. ಈ ವಿರೋಧವನ್ನು ಪರಿಹರಿಸುವ ಹೊಣೆ ಎಲುಬುಗಳ ಪಾಲಿಗೆ ಬಂದದ್ದು ಅತ್ಯಲ್ಪ. ಹಗ್ಗಗಳಂತಹ ಕಟ್ಟುನಾರುಗಳು, ಎಲುಬುಗಳ ನಡುವಣ ಮೃದುವಾದ ಮೆತ್ತೆಗಳು, ಸುತ್ತಲಿನ ಸ್ನಾಯುಗಳು ಈ ಮೂರೂ ಸೇರಿ ಆ ಹೊಣೆಯನ್ನು ಹೊತ್ತಿವೆ. ಮೊದಲಿನ ಎರಡು ಒಮ್ಮೆ ಕೆಟ್ಟರೆ ಸುಲಭವಾಗಿ ಕೂಡಿಕೊಳ್ಳುವುದಿಲ್ಲ. ಮೂರನೆಯದನ್ನು ಮಾತ್ರ ಯಾವ ವಯಸ್ಸಿನಲ್ಲಿಯೂ ಬಲಪಡಿಸಿಕೊಳ್ಳಬಹುದು. ಮಂಡಿನೋವೆಂದು ನಡಿಗೆಯನ್ನೇ ತೊರೆದು ಮಂಚ ಹಿಡಿಯುವ ಹಿರಿಯರು ಈ ಒಂದು ಸಂಗತಿಯನ್ನು ಮನಗಂಡರೆ ಎಷ್ಟೋ ವರ್ಷಗಳ ಓಡಾಟ ಉಳಿದೀತು.

1836ರ ಎರಡು ಘಟನೆಗಳು

ಮೊಣಕಾಲಿನ ಶಾಸ್ತ್ರಕ್ಕೂ ಕೋಲ್ಕತ್ತ ನಗರಕ್ಕೂ ಹಳೆಯ ನಂಟೊಂದಿದೆ. ಇಲ್ಲಿಯ ಮೆಡಿಕಲ್ ಕಾಲೇಜು ಸ್ಥಾಪನೆಯಾದದ್ದು 1835ರಲ್ಲಿ. ಮರುವರ್ಷ, ಎಂದರೆ 1836ರಲ್ಲಿ, ಪಂಡಿತ ಮಧುಸೂದನ ಗುಪ್ತರು ಆ ಕಾಲೇಜಿನಲ್ಲಿ ಮಾನವ ಶವಚ್ಛೇದನ ಮಾಡಿ, ಆಧುನಿಕ ಪದ್ಧತಿಯಲ್ಲಿ ಆ ಕಾರ್ಯಕ್ಕೆ ಕೈಹಾಕಿದ ಭಾರತೀಯರಲ್ಲಿ ಮೊದಲಿಗರೆಂದು ಹೆಸರಾದರು. ಶವವನ್ನು ಮುಟ್ಟಿದರೆ ಜಾತಿ ಕೆಡುತ್ತದೆಂಬ ನಂಬಿಕೆ ಗಟ್ಟಿಯಾಗಿದ್ದ ಕಾಲವದು. ಅವರು ಮೂಲತಃ ಆಯುರ್ವೇದದ ವಿದ್ವಾಂಸರು, ಸಂಸ್ಕೃತ ಕಾಲೇಜಿನಲ್ಲಿ ವೈದ್ಯವನ್ನು ಬೋಧಿಸುತ್ತಿದ್ದವರು. ಸುಶ್ರುತ ಸಂಹಿತೆ ಮೊತ್ತಮೊದಲು ಅಚ್ಚಾದದ್ದು ಅವರ ಸಂಪಾದಕತ್ವದಲ್ಲಿಯೇ, ಅದೇ 1835–36ರಲ್ಲಿ, ಇದೇ ನಗರದಲ್ಲಿ. ಆ ಗ್ರಂಥವು ತೊಡೆ ಮತ್ತು ಕಣಕಾಲುಗಳ ಸಂಧಿಯನ್ನು ಜಾನುವೆಂಬ ಮರ್ಮಸ್ಥಾನವನ್ನಾಗಿ ಎಣಿಸಿ, ಅಲ್ಲಿ ಪೆಟ್ಟಾದರೆ ಮನುಷ್ಯ ಕುಂಟನಾಗುವನೆಂದು ಹೇಳುತ್ತದೆ. ಪ್ರಾಣಕ್ಕೆ ಅಪಾಯವಿಲ್ಲ, ನಡೆಗೆ ಊನ. ಇಂದಿನ ಮೂಳೆತಜ್ಞರೂ ಈ ಮಾತಿಗೆ ತಕರಾರು ತೆಗೆಯಲಾರರು.

ಇತ್ತ ಕೋಲ್ಕತ್ತದಲ್ಲಿ ಇದು ನಡೆಯುತ್ತಿದ್ದ ಅದೇ 1836ರಲ್ಲಿ ಅತ್ತ ಜರ್ಮನಿಯ ಗಟಿಂಗೆನ್ ನಗರದಲ್ಲಿ ವಿಲ್‌ಹೆಲ್ಮ್ ವೇಬರ್ ಮತ್ತು ಎಡ್ವರ್ಡ್ ವೇಬರ್ ಎಂಬ ಸೋದರರು ಮನುಷ್ಯನ ನಡಿಗೆಯನ್ನು ಕುರಿತ ಗ್ರಂಥವೊಂದನ್ನು ಪ್ರಕಟಿಸಿದರು. ಹಿರಿಯಣ್ಣ ಭೌತವಿಜ್ಞಾನಿ, ಕಿರಿಯವನು ಅಂಗರಚನಾಶಾಸ್ತ್ರಜ್ಞ. ಮೊಣಕಾಲು ಬಾಗಿಲ ತಿರುಗಣಿಯಂತೆ ಒಂದೇ ಅಚ್ಚಿನ ಸುತ್ತ ತಿರುಗುವುದೆಂಬ ಸಾಮಾನ್ಯ ಭಾವನೆ ಸರಿಯಲ್ಲವೆಂದೂ, ಅಲ್ಲಿ ಉರುಳುವುದು ಮತ್ತು ಜಾರುವುದು ಎಂಬ ಎರಡು ಚಲನೆಗಳು ಒಟ್ಟಿಗೆ ನಡೆಯುತ್ತವೆಂದೂ ಅವರು ತೋರಿಸಿದರು.

ಉರುಳುವಿಕೆ, ಜಾರುವಿಕೆ, ಬೀಗ

ಗಾಡಿಯ ಚಕ್ರ ರಸ್ತೆಯಲ್ಲಿ ಸಾಗುವಾಗ ಉರುಳುತ್ತದೆ. ಕೆಸರಿನಲ್ಲಿ ಹೂತಾಗ ಇದ್ದಲ್ಲಿಯೇ ಸುತ್ತುತ್ತ ಜಾರುತ್ತದೆ. ತೊಡೆಯೆಲುಬಿನ ಉಬ್ಬುಗಳ ಬಾಗಿದ ಮೇಲ್ಮೈಯನ್ನು ಅಳೆದರೆ ಅದು ಕೆಳಗಿನ ಎಲುಬಿನ ನೆತ್ತಿಯ ಉದ್ದಕ್ಕಿಂತ ಸುಮಾರು ಎರಡರಷ್ಟಿದೆ. ಉಬ್ಬುಗಳು ಬರಿದೇ ಉರುಳುತ್ತ ಹೋದರೆ ಕಾಲು ಪೂರ್ತಿ ಮಡಿಚುವ ಮೊದಲೇ ತೊಡೆಯೆಲುಬು ಹಿಂಬದಿಯಿಂದ ಕೆಳಗೆ ಬಿದ್ದುಹೋಗಬೇಕು. ಹಾಗಾಗದಿರಲು ಕಾರಣ, ಬಾಗುವಿಕೆಯ ಆರಂಭದಲ್ಲಿ ಉರುಳುವ ಉಬ್ಬು ಬಾಗಿದಂತೆಲ್ಲ ಹೆಚ್ಚು ಹೆಚ್ಚಾಗಿ ಜಾರತೊಡಗುವುದು. ಹೀಗೆ ಅದನ್ನು ತನ್ನ ಜಾಗದಲ್ಲಿಯೇ ಹಿಡಿದಿಡುವ ಕಾರ್ಯದಲ್ಲಿ ಕೀಲಿನ ನಟ್ಟನಡುವೆ ಕತ್ತರಿಯಂತೆ ಅಡ್ಡಹಾಯ್ದಿರುವ ಎರಡು ನಾರುಗಳ ಪಾತ್ರ ಹಿರಿದು.

ಸಮತಲದಲ್ಲಿ ನಡೆಯಲು ಮೊಣಕಾಲು ಸುಮಾರು 60 ಡಿಗ್ರಿ ಬಾಗಿದರೆ ಸಾಕು. ಮೆಟ್ಟಿಲಿಗೆ ಅದಕ್ಕಿಂತ ಹೆಚ್ಚು ಬೇಕು; ಕುರ್ಚಿಯಿಂದ ಏಳಲು 90 ಡಿಗ್ರಿಗೂ ಮಿಗಿಲು. ಕುಕ್ಕರಗಾಲಿನಲ್ಲಿ ಕೂರಬೇಕಾದರೆ 130 ಡಿಗ್ರಿಯನ್ನು ದಾಟಬೇಕು. ಕುರ್ಚಿ ಮೇಜುಗಳ ದೇಶಗಳಲ್ಲಿ ಈ ಕೊನೆಯ ಭಾಗದ ಬಳಕೆ ಕಡಿಮೆ. ಪೂಜೆಗೆ, ಊಟಕ್ಕೆ, ಶೌಚಕ್ಕೆ, ಹಾಡು ಕಲಿಯುವುದಕ್ಕೆ ನೆಲವನ್ನೇ ಆಶ್ರಯಿಸಿ ಬಂದ ಜನರಿಗೆ ಅದಿಲ್ಲದೆ ದಿನ ಸಾಗದು.

ಬಾಗುವಿಕೆಯ ಜೊತೆಗೆ ಮೊಣಕಾಲಿಗೆ ತಿರುಚುವ ಶಕ್ತಿಯೂ ಇದೆ, ಆದರೆ ಬಾಗಿದಾಗ ಮಾತ್ರ. ಕುರ್ಚಿಯ ಮೇಲೆ ಕುಳಿತು, ಮಂಡಿಚಿಪ್ಪಿನ ಕೆಳಗೆ ಕೈಗೆ ಸಿಗುವ ಎಲುಬಿನ ಗಂಟನ್ನು ಬೆರಳಿನಿಂದ ಮುಟ್ಟಿಕೊಂಡು, ತೊಡೆಯನ್ನು ಕದಲಿಸದೆ ಪಾದವನ್ನು ಒಳಕ್ಕೂ ಹೊರಕ್ಕೂ ತಿರುಗಿಸಿದರೆ ಆ ಗಂಟು ಸರಿದಾಡುವುದು ತಿಳಿಯುತ್ತದೆ. ಕಾಲನ್ನು ನೀಡಿ ನೆಟ್ಟಗೆ ಮಾಡಿ ಹಾಗೆಯೇ ತಿರುಗಿಸಿದರೆ ಈಗ ತಿರುಗುವುದು ಸೊಂಟದಿಂದ ಕೆಳಗಿನ ಇಡೀ ಕಾಲು, ಮೊಣಕಾಲಿನಲ್ಲಿ ಚಲನೆಯಿಲ್ಲ. ಪದ್ಮಾಸನವನ್ನು ಅವಸರದಿಂದ ಕಲಿಯುವವರು ನೆನಪಿಡಬೇಕಾದ ವಿಷಯವಿದು. ಆ ಆಸನಕ್ಕೆ ಬೇಕಾದ ತಿರುವು ಬಹುಪಾಲು ಸೊಂಟದ ಕೀಲಿನಿಂದ ಬರತಕ್ಕದ್ದು. ಸೊಂಟ ಬಿಗಿಯಾಗಿರುವವರು ಪಾದವನ್ನು ಕೈಯಿಂದ ಎಳೆದು ತೊಡೆಯ ಮೇಲೇರಿಸಿದರೆ ಸೊಂಟ ಕೊಡದ ತಿರುವನ್ನು ಮೊಣಕಾಲು ಕೊಡಬೇಕಾಗುತ್ತದೆ, ಅದಕ್ಕೆ ಅದು ನಿರ್ಮಿತವಾಗಿಲ್ಲ.

ಕಾಲು ನೆಟ್ಟಗಾಗುವ ಕೊನೆಯ ಹಂತದಲ್ಲಿ, ಸುಮಾರು ಕೊನೆಯ 20 ಡಿಗ್ರಿಗಳಲ್ಲಿ, ಮತ್ತೊಂದು ಸೂಕ್ಷ್ಮವಾದ ಚಲನೆ ನಡೆಯುತ್ತದೆ. ಪಾದ ನೆಲದಲ್ಲಿ ಊರಿದ್ದರೆ ತೊಡೆಯೆಲುಬು ಕೆಲವು ಡಿಗ್ರಿಗಳಷ್ಟು ಒಳಮುಖವಾಗಿ ತಿರುಗಿ, ತಿರುಪು ಮೊಳೆ ಬಿಗಿದಂತೆ, ಕೀಲು ಬಿಗಿದುಕೊಳ್ಳುತ್ತದೆ. ಆಗ ಕಟ್ಟುನಾರುಗಳೆಲ್ಲ ಸೆಟೆದು ನಿಲ್ಲುವುದರಿಂದ ತೊಡೆಯ ಸ್ನಾಯುಗಳಿಗೆ ಹೆಚ್ಚಿನ ಕೆಲಸವಿರುವುದಿಲ್ಲ. ನೆಟ್ಟಗೆ, ಸಡಿಲವಾಗಿ ನಿಂತು ಮಂಡಿಚಿಪ್ಪನ್ನು ಎರಡು ಬೆರಳುಗಳಲ್ಲಿ ಹಿಡಿದು ಅಲ್ಲಾಡಿಸಿದರೆ ಅದು ಅಲ್ಲಾಡುತ್ತದೆ. ಮೊಣಕಾಲನ್ನು ತುಸುವೇ ಬಾಗಿಸಿದೊಡನೆ ಸ್ನಾಯು ಬಿಗಿದು ಚಿಪ್ಪು ಅಚಲವಾಗುತ್ತದೆ. ಬಸ್ಸಿಗಾಗಿ ಅರ್ಧ ತಾಸು ಕಾಯುವ ಪ್ರಯಾಣಿಕ, ಗರ್ಭಗುಡಿಯಲ್ಲಿ ನಿಂತೇ ಮಂತ್ರ ಹೇಳುವ ಅರ್ಚಕ ಇವರೆಲ್ಲ ಅರಿಯದೆಯೇ ಈ ಬೀಗದ ಉಪಕಾರವನ್ನು ಪಡೆಯುತ್ತಾರೆ. ಮೊದಲ ಹೆಜ್ಜೆ ಇಡುವಾಗ ಬೀಗವನ್ನು ತೆರೆಯುವುದು ಮಂಡಿಯ ಹಿಂಬದಿಯಲ್ಲಿ ಆಳವಾಗಿ ಅಡಗಿರುವ ಒಂದು ಪುಟ್ಟ ಸ್ನಾಯು. ಅದು ತೊಡೆಯೆಲುಬನ್ನು ಹೊರಕ್ಕೆ ತಿರುಗಿಸಿ ಕೀಲನ್ನು ಸಡಿಲಿಸುತ್ತದೆ.

ಎಷ್ಟು ಭಾರ?

ಅರವತ್ತು ಕಿಲೋ ತೂಕದ ವ್ಯಕ್ತಿ ಎರಡು ಕಾಲಿನ ಮೇಲೆ ನಿಂತರೆ ಒಂದೊಂದು ಮೊಣಕಾಲಿನ ಮೇಲೆ ಮೂವತ್ತು ಕಿಲೋ ಬೀಳುತ್ತದೆಂದು ಸರಳ ಗಣಿತ ಹೇಳುತ್ತದೆ. ವಾಸ್ತವ ಬೇರೆಯಾಗಿದೆ. ಬರ್ಲಿನ್ನಿನ ಸಂಶೋಧಕರು ಶಸ್ತ್ರಚಿಕಿತ್ಸೆಯಿಂದ ಜೋಡಿಸಿದ ಕೃತಕ ಮೊಣಕಾಲಿನ ಒಳಗೆ ಅಳತೆಯ ಉಪಕರಣವನ್ನಿರಿಸಿ, ರೋಗಿಗಳು ನಡೆದಾಡುವಾಗಲೇ ಒಳಗಿನ ಒತ್ತಡವನ್ನು ಅಳೆದು 2010ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಎರಡು ಕಾಲಿನ ಮೇಲೆ ನಿಂತಾಗಲೇ ಒಂದು ಮೊಣಕಾಲಿನೊಳಗೆ ದೇಹದ ಇಡೀ ತೂಕದಷ್ಟು ಒತ್ತಡ ಕಂಡುಬಂದಿತು. ಸಮತಲದ ನಡಿಗೆಯಲ್ಲಿ ಅದು ದೇಹತೂಕದ ಸುಮಾರು ಎರಡೂವರೆ ಪಟ್ಟು. ಮೆಟ್ಟಿಲು ಹತ್ತುವಾಗ ಮೂರು ಪಟ್ಟಿಗೂ ಮೇಲು. ಇಳಿಯುವಾಗ ಎಲ್ಲಕ್ಕಿಂತ ಹೆಚ್ಚು, ಸುಮಾರು ಮೂರೂವರೆ ಪಟ್ಟು. ಅರವತ್ತು ಕಿಲೋ ತೂಕದವರು ಒಂದೊಂದು ಮೆಟ್ಟಿಲು ಇಳಿಯುವಾಗಲೂ ಮೊಣಕಾಲು 200 ಕಿಲೋವಿನಷ್ಟು ಒತ್ತಡವನ್ನು ತಾಳುತ್ತದೆ ಎಂದಾಯಿತು.

ಈ ಹೆಚ್ಚಿನ ಭಾರ ಎಲ್ಲಿಂದ ಬಂದಿತು? ಸ್ನಾಯುಗಳಿಂದ. ಒಂದು ಕಾಲೆತ್ತಿ ಹೆಜ್ಜೆಯಿಡುವಾಗ ದೇಹದ ತೂಕದ ಕೇಂದ್ರ ಊರಿದ ಮೊಣಕಾಲಿನ ನೇರಕ್ಕೆ ಇರುವುದಿಲ್ಲ. ಉರುಳಿಬೀಳದಂತೆ ದೇಹವನ್ನು ಹಿಡಿದು ನಿಲ್ಲಿಸಲು ತೊಡೆಯ ಮತ್ತು ಮೀನಖಂಡದ ಸ್ನಾಯುಗಳು ಬಿಗಿದು ಎಳೆಯಬೇಕು. ಆ ಎಳೆತವೆಲ್ಲ ಕೀಲಿನ ಮೇಲೆಯೇ ಒತ್ತಡವಾಗಿ ಬೀಳುತ್ತದೆ. ಒಂದು ಕೈಯಲ್ಲಿ ತುಂಬಿದ ಕೊಡವನ್ನು ಹಿಡಿದವರ ಬೆನ್ನು ಇನ್ನೊಂದು ಬದಿಗೆ ಎಳೆದು ದಣಿಯುವಂತೆಯೇ ಇದು. ಭಾರವು ಎರಡೂ ಉಬ್ಬುಗಳಿಗೆ ಸಮವಾಗಿ ಹಂಚಿಹೋಗುವುದೂ ಇಲ್ಲ. ನಡೆಯುವಾಗ ಮೂರರಲ್ಲಿ ಎರಡು ಪಾಲಿನಷ್ಟು ಒಳಬದಿಯ ಉಬ್ಬಿಗೆ ಬೀಳುತ್ತದೆ. ವಯಸ್ಸಾದವರ ಮೊಣಕಾಲು ಸಾಮಾನ್ಯವಾಗಿ ಒಳಬದಿಯಲ್ಲಿಯೇ ಮೊದಲು ಸವೆದು, ಕಾಲುಗಳು ಬಿಲ್ಲಿನಂತೆ ಹೊರಕ್ಕೆ ಬಾಗುವುದಕ್ಕೆ ಇದೇ ಕಾರಣ.

ತೂಕ ಇಳಿಸಿರೆಂದು ವೈದ್ಯರು ಒತ್ತಾಯಿಸುವುದರ ಮರ್ಮವೂ ಇಲ್ಲಿದೆ. ಮೊಣಕಾಲಿನ ಸವೆತವಿದ್ದ ಸ್ಥೂಲಕಾಯದ ಹಿರಿಯರನ್ನು ಪರೀಕ್ಷಿಸಿ ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನವು, ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲಿಯೂ ಮೊಣಕಾಲಿನ ಭಾರ ನಾಲ್ಕು ಕಿಲೋವಿನಷ್ಟು ಇಳಿಯುತ್ತದೆಂದು ತೋರಿಸಿತು. ರಸಗುಲ್ಲ, ಸಂದೇಶ, ಮಿಷ್ಟಿ ದೋಯಿಗಳ ಊರಿನಲ್ಲಿ ಈ ಉಪದೇಶ ರುಚಿಸುವುದು ಕಷ್ಟ. ಆದರೂ ಲೆಕ್ಕ ಲೆಕ್ಕವೇ.

ಮಂಡಿಚಿಪ್ಪಿನ ವಿಷಯವನ್ನು ಎರಡು ಮಾತಿನಲ್ಲಿ ಹೇಳಬಹುದು. ತೊಡೆಯ ಮುಂಭಾಗದ ಬಲವಾದ ಸ್ನಾಯು ಕೆಳಗಾಲನ್ನು ಎಳೆಯುವಾಗ, ಬಾವಿಯ ರಾಟೆಯಂತೆ ಎಳೆತದ ಹಗ್ಗವನ್ನು ಕೀಲಿನಿಂದ ತುಸು ದೂರಕ್ಕೆ ಎತ್ತಿಹಿಡಿದು, ಕಡಿಮೆ ಬಲದಲ್ಲಿ ಹೆಚ್ಚು ಕೆಲಸವಾಗುವಂತೆ ಚಿಪ್ಪು ನೆರವಾಗುತ್ತದೆ. ಆಳವಾಗಿ ಬಾಗಿದಷ್ಟೂ ಅದು ತೊಡೆಯೆಲುಬಿಗೆ ಒತ್ತಿಕೊಳ್ಳುವುದರಿಂದ ಅದರ ಹಿಂಬದಿಯ ಮೃದ್ವಸ್ಥಿ ದೇಹದಲ್ಲಿಯೇ ಅತಿ ದಪ್ಪವಾದುದು. ಹುಟ್ಟಿದ ಮಗುವಿನಲ್ಲಿ ಈ ಚಿಪ್ಪು ಇನ್ನೂ ಎಲುಬಾಗಿರುವುದಿಲ್ಲ. ಅಂಬೆಗಾಲಿಡುವ ಕಾಲ ಕಳೆದು ಮೂರರಿಂದ ಆರನೆಯ ವರ್ಷದೊಳಗೆ ಗಟ್ಟಿಗೊಳ್ಳತೊಡಗುತ್ತದೆ.

ಎಲುಬಿನ ತುದಿಗಳನ್ನು ಹೊದ್ದಿರುವ ಮೃದ್ವಸ್ಥಿ ಕೆಲವೇ ಮಿಲಿಮೀಟರು ದಪ್ಪದ, ಹೊಳಪಾದ ಬಿಳಿಯ ಪದರ. ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವುದಕ್ಕಿಂತಲೂ ನಯವಾಗಿ ಅದು ತನ್ನ ಎದುರಿನ ಪದರದ ಮೇಲೆ ಜಾರುತ್ತದೆ. ಅದರಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಭಾರ ಬಿದ್ದಾಗ ನೀರನ್ನು ಹೊರಹಾಕಿ, ಭಾರ ತೆಗೆದಾಗ ಕೀಲಿನ ದ್ರವವನ್ನು ಹೀರಿಕೊಂಡು, ಸ್ಪಂಜಿನಂತೆ ತನ್ನ ಆಹಾರವನ್ನು ಪಡೆಯುತ್ತದೆ. ಆದಕಾರಣ ಮೃದ್ವಸ್ಥಿಯ ಊಟವೆಂದರೆ ನಡಿಗೆ. ಸಂಪೂರ್ಣ ವಿಶ್ರಾಂತಿ ಅದಕ್ಕೆ ಉಪವಾಸ.

ಮೈದಾನದ ಪಾಠ

ದುಂಡನೆಯ ಉಬ್ಬು ಚಪ್ಪಟೆ ನೆತ್ತಿಯ ಮೇಲೆ ಕುಳಿತರೆ ಎರಡೂ ತಾಗುವ ಸ್ಥಳ ಒಂದು ಬಿಂದುವಿನಷ್ಟು ಕಿರಿದಾಗುತ್ತದೆ. ಭಾರವೆಲ್ಲ ಅಲ್ಲಿಯೇ ಬಿದ್ದರೆ ಮೃದ್ವಸ್ಥಿ ಬಾಳದು. ಈ ತೊಂದರೆಯನ್ನು ನಿವಾರಿಸಲು ಎರಡರ ನಡುವೆ ಬಾಲಚಂದ್ರನ ಆಕಾರದ ಎರಡು ಮೆತ್ತೆಗಳಿವೆ. ಅವುಗಳ ಹೊರ ಅಂಚು ದಪ್ಪ, ಒಳ ಅಂಚು ತೆಳು. ನೀರಿನ ಕೊಡದ ಕೆಳಗಿನ ಸಿಂಬೆಯಂತೆ ಅವು ಉಬ್ಬನ್ನು ಸುತ್ತುವರಿದು, ಬಿದ್ದ ಭಾರದ ಅರ್ಧದಷ್ಟನ್ನು ತಾವು ವಹಿಸಿಕೊಂಡು ಅಗಲಕ್ಕೆ ಹಂಚುತ್ತವೆ. ಕೊಡ ಹೊತ್ತು ಬಲ್ಲವರಿಗೆ ಸಿಂಬೆಯ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ವೈದ್ಯಲೋಕಕ್ಕೆ ಮಾತ್ರ ಅದು ಬಹಳ ತಡವಾಗಿ ತಿಳಿಯಿತು. 1897ರಲ್ಲಿ ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಬ್ಲಾಂಡ್ ಸಟ್ಟನ್ ಈ ಮೆತ್ತೆಗಳನ್ನು ಯಾವುದೋ ಸ್ನಾಯುವಿನ ನಿರುಪಯುಕ್ತ ಅವಶೇಷವೆಂದು ಬಗೆದಿದ್ದರು. ಹರಿದ ಮೆತ್ತೆಯನ್ನು ಇಡಿಯಾಗಿ ಕಿತ್ತೆಸೆಯುವುದು ದಶಕಗಳ ಕಾಲ ರೂಢಿಯಾಗಿತ್ತು. ಫುಟ್‌ಬಾಲ್ ಆಟಗಾರರಿಗಂತೂ ಅದು ಸಾಮಾನ್ಯ ಚಿಕಿತ್ಸೆ. ಹಾಗೆ ಮಾಡಿಸಿಕೊಂಡವರ ಎಕ್ಸ್‌ರೇ ಚಿತ್ರಗಳಲ್ಲಿ ಕೆಲವೇ ವರ್ಷಗಳಲ್ಲಿ ಕೀಲು ಸವೆದು ಎಲುಬಿನ ಅಂಚು ಬದಲಾಗುವುದನ್ನು ಇಂಗ್ಲೆಂಡಿನ ವೈದ್ಯ ಫೇರ್‌ಬ್ಯಾಂಕ್ ವರದಿ ಮಾಡಿದ್ದು 1948ರಲ್ಲಿ. ಆ ಎಚ್ಚರಿಕೆ ಎಲ್ಲೆಡೆ ಆಚರಣೆಗೆ ಬರಲು ಮತ್ತೆ ಹಲವು ವರ್ಷಗಳು ಹಿಡಿದವು. ಮೆತ್ತೆಯ ಹೊರ ಅಂಚಿಗೆ ಮಾತ್ರ ರಕ್ತಸಂಚಾರವಿರುವುದರಿಂದ ಅಲ್ಲಿಯ ಹರಿತ ಕೂಡಿಕೊಳ್ಳಬಹುದು, ಒಳಭಾಗದ್ದು ಕೂಡುವುದು ಕಷ್ಟ. ಇಂದಿನ ಶಸ್ತ್ರವೈದ್ಯರು ಸಾಧ್ಯವಾದಷ್ಟನ್ನು ಹೊಲಿದು ಉಳಿಸುವುದಕ್ಕೇ ಪ್ರಯತ್ನಿಸುತ್ತಾರೆ.

ಅದೇ 1948ರ ಜುಲೈ 31ರಂದು, ಅದೇ ಇಂಗ್ಲೆಂಡಿನಲ್ಲಿ, ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸನ್ನು ಎದುರಿಸಿತು. ಹೆಚ್ಚಿನ ಆಟಗಾರರು ಬರಿಗಾಲಿನಲ್ಲಿ ಆಡಿದರು. ಪಂದ್ಯವನ್ನು 2–1ರಿಂದ ಸೋತರೂ ಭಾರತದ ಪರ ಒಲಿಂಪಿಕ್ಸ್‌ನ ಮೊದಲ ಗೋಲು ದಾಖಲಾಯಿತು. ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ತಂಡದಲ್ಲಿದ್ದ ಬೆಂಗಳೂರಿನ ಇನ್ನೊಬ್ಬ ಆಟಗಾರ ಅಹಮದ್ ಖಾನ್ ಮರುವರ್ಷ ಕೋಲ್ಕತ್ತಕ್ಕೆ ಬಂದು ಈಸ್ಟ್ ಬೆಂಗಾಲ್ ಸೇರಿ, ಒಂದು ದಶಕದ ಕಾಲ ಮೈದಾನದ ಪ್ರೇಕ್ಷಕರ ಕಣ್ಮಣಿಯಾದರು. ಅವರನ್ನೊಳಗೊಂಡ ಐವರು ಮುನ್ನಡೆ ಆಟಗಾರರನ್ನು ಈ ಊರಿನ ಜನ ಪಂಚಪಾಂಡವರೆಂದು ಕರೆದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯದ ಎದುರು ಭಾರತ 10–1ರಿಂದ ಸೋತಾಗ ಆ ಒಂದು ಗೋಲು ಅಹಮದ್ ಖಾನರದು. ಆ ಸೋಲಿನ ಬಳಿಕ ಬೂಟು ಕಡ್ಡಾಯವಾಯಿತು. ಮೋಹನ್ ಬಾಗಾನ್ 1911ರಲ್ಲಿ ಐ.ಎಫ್.ಎ. ಶೀಲ್ಡ್ ಗೆದ್ದಾಗ ಹನ್ನೊಂದು ಮಂದಿಯಲ್ಲಿ ಬೂಟು ತೊಟ್ಟಿದ್ದವರು ಒಬ್ಬರೇ ಎಂಬುದನ್ನು ನೆನೆದರೆ ಇದು ಒಂದು ಯುಗದ ಅಂತ್ಯವೇ ಹೌದು.

ಬೂಟಿಗೂ ಮೊಣಕಾಲಿಗೂ ಏನು ಸಂಬಂಧ? ಬೂಟಿನ ಅಡಿಯ ಗುಬ್ಬಿಗಳು ಪಾದವನ್ನು ನೆಲಕ್ಕೆ ನೆಟ್ಟುಬಿಡುತ್ತವೆ. ಓಡುತ್ತಿರುವ ಆಟಗಾರ ಥಟ್ಟನೆ ನಿಂತು ಪಕ್ಕಕ್ಕೆ ಹೊರಳಿದರೆ ದೇಹ ತಿರುಗುತ್ತದೆ, ಪಾದ ತಿರುಗುವುದಿಲ್ಲ. ನಡುವಿನ ತಿರುಚೆಲ್ಲ ಮೊಣಕಾಲಿನ ಪಾಲಾಗುತ್ತದೆ. ಬರಿಗಾಲು ಕೆಸರಿನಲ್ಲಿ ಜಾರಿಹೋಗಿ ಆ ಬಲ ವ್ಯರ್ಥವಾಗುವ ಸಂಭವ ಹೆಚ್ಚು. ಬರಿಗಾಲಿನಲ್ಲಿ ಆಡಬೇಕೆಂದು ಇದರ ಅರ್ಥವಲ್ಲ; ಪಾದಕ್ಕೆ ಆಗಬಹುದಾದ ಗಾಯಗಳು ಬೇರೆಯೇ ಇವೆ. ಹಿಡಿತಕ್ಕೆ ತೆರಬೇಕಾದ ಬೆಲೆ ಯಾವುದೆಂಬುದಷ್ಟೇ ಇಲ್ಲಿ ಪ್ರಸ್ತುತ.

ಆ ಬೆಲೆಯನ್ನು ತೆರುವುದು ಸಾಮಾನ್ಯವಾಗಿ ಮುಂದಿನ ಅಡ್ಡನಾರು, ಕ್ರೀಡಾಪುಟಗಳಲ್ಲಿ ಎ.ಸಿ.ಎಲ್. ಎಂದು ಕಾಣಿಸಿಕೊಳ್ಳುವ ನಾರು. ಕೆಳಗಾಲು ಮುಂದಕ್ಕೆ ಜರುಗದಂತೆಯೂ ಅತಿಯಾಗಿ ತಿರುಚದಂತೆಯೂ ತಡೆಯುವುದು ಅದರ ಕೆಲಸ. ಹಿಂದಿನ ಅಡ್ಡನಾರು ಹಿಂಜರಿಕೆಯನ್ನು ತಡೆಯುತ್ತದೆ. ಎರಡು ಪಕ್ಕದ ನಾರುಗಳು ಮೊಣಕಾಲು ಒಳಕ್ಕೆ ಅಥವಾ ಹೊರಕ್ಕೆ ಮುರಿದುಬೀಳದಂತೆ ಕಾಯುತ್ತವೆ. ಯುವಕರಲ್ಲಿ ಮುಂದಿನ ಅಡ್ಡನಾರು ಸುಮಾರು 220 ಕಿಲೋ ತೂಕದಷ್ಟು ಎಳೆತವನ್ನು ತಾಳಿ ಅನಂತರ ಹರಿಯುತ್ತದೆಂದೂ, ಅರವತ್ತು ದಾಟಿದವರಲ್ಲಿ ಅದರ ಮೂರನೆಯ ಒಂದು ಪಾಲಿನಷ್ಟಕ್ಕೇ ಹರಿಯುತ್ತದೆಂದೂ 1991ರಲ್ಲಿ ಪ್ರಕಟವಾದ ಪ್ರಯೋಗಗಳು ತಿಳಿಸಿದವು. ಎದುರಾಳಿಯ ಡಿಕ್ಕಿಯಿಲ್ಲದೆಯೇ ಬಹಳಷ್ಟು ಹರಿತಗಳು ಸಂಭವಿಸುತ್ತವೆ. ಟಪ್ಪೆಂಬ ಸದ್ದು, ಕೆಲವೇ ಗಂಟೆಗಳಲ್ಲಿ ಊತ, ಮುಂದೆ ತಿರುಗುವಾಗಲೆಲ್ಲ ಮಂಡಿ ಕೈಕೊಟ್ಟಂತಾಗುವುದು ಇದರ ಲಕ್ಷಣ. ಕೀಲಿನ ದ್ರವದಲ್ಲಿ ಮುಳುಗಿರುವ ಈ ನಾರು ಹರಿದರೆ ಸಾಮಾನ್ಯವಾಗಿ ತಾನಾಗಿ ಕೂಡಿಕೊಳ್ಳುವುದಿಲ್ಲ. ಅದರಲ್ಲಿ ನರತುದಿಗಳೂ ಇರುವುದರಿಂದ, ಹರಿದಾಗ ಹಗ್ಗದೊಡನೆ ಮೊಣಕಾಲು ಎಲ್ಲಿದೆ, ಎಷ್ಟು ಬಾಗಿದೆ ಎಂಬ ಅರಿವಿನ ಒಂದು ಭಾಗವೂ ನಷ್ಟವಾಗುತ್ತದೆ.

ಹರಿಯುವ ಮುನ್ನ ಅದಕ್ಕೆ ನೆರವು ನೀಡಬಲ್ಲದ್ದು ತೊಡೆಯ ಹಿಂಬದಿಯ ಸ್ನಾಯು. ಅದು ಕೆಳಗಾಲನ್ನು ಹಿಂದಕ್ಕೆಳೆದು ನಾರಿನ ಹೊರೆಯನ್ನು ಹಂಚಿಕೊಳ್ಳುತ್ತದೆ. ಮೊಣಕಾಲು ಒಳಕ್ಕೆ ವಾಲದಂತೆ ಬಾಗಿ ನೆಲಕ್ಕಿಳಿಯುವುದು, ಒಂದು ಕಾಲಿನ ಮೇಲೆ ಸಮತೋಲ ಕಾಯುವುದು, ತೊಡೆಯ ಹಿಂಬದಿಯನ್ನು ಬಲಪಡಿಸುವುದು ಇವನ್ನು ಒಳಗೊಂಡ ಇಪ್ಪತ್ತು ನಿಮಿಷಗಳ ತಾಲೀಮನ್ನು ಫಿಫಾ ಸಂಸ್ಥೆ ಫುಟ್‌ಬಾಲ್ ಆಡುವವರಿಗಾಗಿ ರೂಪಿಸಿದೆ. ಅದನ್ನು ನಿಯಮವಾಗಿ ಮಾಡಿದ ತಂಡಗಳಲ್ಲಿ ಗಾಯಗಳು ಗಣನೀಯವಾಗಿ ಇಳಿದಿವೆ. ಈ ನಾರಿನ ಗಾಯ ಹುಡುಗಿಯರಲ್ಲಿ ಹುಡುಗರಿಗಿಂತ ಹೆಚ್ಚು. ಅವರ ತರಬೇತುದಾರರು ಇದನ್ನು ಎಂದಿಗೂ ಕೈಬಿಡತಕ್ಕದ್ದಲ್ಲ.

ಸ್ನಾಯುವೆಂಬ ಕಾವಲುಗಾರ

ಫುಟ್‌ಬಾಲ್ ಆಡದವರಿಗೂ ಸ್ನಾಯುವಿನ ಮಹತ್ವ ದುರ್ಗಾಪೂಜೆಯ ಸಮಯದಲ್ಲಿ ತಿಳಿಯುತ್ತದೆ. ಪೆಂಡಾಲಿನಿಂದ ಪೆಂಡಾಲಿಗೆ ರಾತ್ರಿಯೆಲ್ಲ ನಡೆದವರು ಮೊದಲ ಎರಡು ತಾಸು ಯಾವ ನೋವನ್ನೂ ಅರಿಯರು. ಹಿಮ್ಮಡಿ ನೆಲಕ್ಕೆ ತಗಲಿದಾಗಲೆಲ್ಲ ಮೊಣಕಾಲು ತುಸು ಬಾಗಿ, ತೊಡೆಯ ಮುಂಭಾಗದ ಸ್ನಾಯು ಆ ಬಾಗುವಿಕೆಯನ್ನು ಮೆಲ್ಲಗೆ ಹಿಡಿದು, ಬಂದ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಸ್ನಾಯು ದಣಿದ ಮೇಲೆ ಈ ಹಿಡಿತ ಸಡಿಲಗೊಂಡು ಪೆಟ್ಟು ನೇರವಾಗಿ ಕೀಲಿಗೆ ತಲುಪುತ್ತದೆ. ಮರುದಿನದ ಮಂಡಿನೋವಿಗೆ ವಯಸ್ಸಿನಷ್ಟೇ ವರ್ಷವಿಡೀ ನಡೆಯದಿದ್ದ ಅಭ್ಯಾಸವೂ ಕಾರಣ.

ಮೊಣಕಾಲು ಊದಿಕೊಂಡಾಗ ಇನ್ನೊಂದು ವಿಚಿತ್ರ ನಡೆಯುತ್ತದೆ. ಕೀಲಿನೊಳಗೆ 20–30 ಮಿಲಿಲೀಟರು ದ್ರವ ಹೆಚ್ಚಾಗಿ ಸೇರಿದರೂ ಸಾಕು, ನರಗಳ ಮೂಲಕ ತೊಡೆಯ ಮುಂಭಾಗದ ಸ್ನಾಯುವಿಗೆ ತಡೆ ಬೀಳುತ್ತದೆ. ನೋವಿಲ್ಲದಿದ್ದರೂ ಅದು ಪೂರ್ಣವಾಗಿ ಬಿಗಿಯದು. ಬಿಗಿಯದ ಸ್ನಾಯು ಕೃಶವಾಗುತ್ತದೆ, ಕೃಶವಾದ ಸ್ನಾಯು ಕೀಲನ್ನು ಕಾಯಲಾರದು, ಕಾವಲಿಲ್ಲದ ಕೀಲು ಮತ್ತೆ ಊದಿಕೊಳ್ಳುತ್ತದೆ. ಈ ವಿಷವರ್ತುಲದಲ್ಲಿ ಸಿಕ್ಕಿದ ಮನೆಯ ಹಿರಿಯರಿಗೆ ಮಕ್ಕಳು ಪ್ರೀತಿಯಿಂದ ಹೇಳುವ ಮಾತು, ಅಮ್ಮ, ನೀವು ಏಳಬೇಡಿ, ಎಲ್ಲ ನಾವೇ ತಂದುಕೊಡುತ್ತೇವೆ ಎಂದು. ಪ್ರೀತಿ ದೊಡ್ಡದು, ಸಲಹೆ ತಪ್ಪು. ಮೊಣಕಾಲಿನ ಸವೆತಕ್ಕೆ ಮೊದಲ ಚಿಕಿತ್ಸೆ ವ್ಯಾಯಾಮ ಮತ್ತು ತೂಕದ ಹತೋಟಿ ಎಂಬುದರಲ್ಲಿ ಇಂದು ತಜ್ಞರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಅದಕ್ಕೆ ಯಂತ್ರಗಳು ಬೇಕಾಗಿಲ್ಲ. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೆಟ್ಟಗೆ ನೀಡಿ ತೊಡೆಯನ್ನು ಬಿಗಿಮಾಡಿ ಐದು ಎಣಿಸುವವರೆಗೆ ಹಿಡಿದು ಇಳಿಸುವುದು. ಕೈಯೂರದೆ ಕುರ್ಚಿಯಿಂದ ಎದ್ದು, ಧೊಪ್ಪನೆ ಬೀಳದೆ ಮೆಲ್ಲಗೆ ಕೂರುವುದು. ದಿನಕ್ಕೆ ಎರಡು ಬಾರಿ, ಹತ್ತು ಹತ್ತರಂತೆ ಮಾಡಿದರೆ ಕೆಲವು ವಾರಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಲೇಕ್ ಮಾರ್ಕೆಟ್ಟಿನ ಸುತ್ತಮುತ್ತ ನೆಲೆಸಿರುವ ದಕ್ಷಿಣದ ಕುಟುಂಬಗಳಿಗೆ ರವೀಂದ್ರ ಸರೋವರದ ದಂಡೆ ಹತ್ತಿರದಲ್ಲಿಯೇ ಇದೆ; ಬೆಳಗಿನ ಸಮತಲದ ನಡಿಗೆಗೆ ಅದಕ್ಕಿಂತ ಒಳ್ಳೆಯ ಸ್ಥಳ ಈ ನಗರದಲ್ಲಿ ವಿರಳ.

ನೆಲದ ಮೇಲೆ ಕೂರಬಹುದೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಕನ್ನಡಿಗರ ಈಳಿಗೆಮಣೆ, ಬಂಗಾಳಿಗಳ ಬೋಂಟಿ ಎರಡೂ ನೆಲದ ಮೇಲೆ ಕುಳಿತು ಹೆಚ್ಚುವ ಸಾಧನಗಳೇ. ಬೀಜಿಂಗ್ ನಗರದ ವೃದ್ಧರನ್ನು ಪರೀಕ್ಷಿಸಿದ 2004ರ ಅಧ್ಯಯನವೊಂದು, ಯೌವನದಲ್ಲಿ ದಿನವೂ ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದವರಲ್ಲಿ ಸವೆತ ಹೆಚ್ಚಾಗಿ ಕಂಡುಬಂದುದನ್ನು ತಿಳಿಸಿತು. ಆದರೆ ಕೂರುವುದಕ್ಕೂ ಕೂತೇ ಇರುವುದಕ್ಕೂ ಅಂತರವಿದೆ. ಪೂರ್ಣವಾಗಿ ಕುಕ್ಕರಿಸಿದಾಗ ತೊಡೆ ಮೀನಖಂಡದ ಮೇಲೆ ಒರಗಿ ಭಾರದ ಒಂದು ಪಾಲು ಅಲ್ಲಿಗೆ ವರ್ಗವಾಗುತ್ತದೆ. ಹೆಚ್ಚಿನ ಶ್ರಮವಿರುವುದು ಇಳಿಯುವ ಮತ್ತು ಏಳುವ ದಾರಿಯಲ್ಲಿ. ನೋವಿಲ್ಲದವರು ಊಟಕ್ಕೋ ಪೂಜೆಗೋ ನೆಲದ ಮೇಲೆ ಕುಳಿತು ಎದ್ದರೆ ಹಾನಿಯೆನ್ನಲು ಕಾರಣವಿಲ್ಲ. ಆ ಶಕ್ತಿಯನ್ನು ಉಳಿಸಿಕೊಳ್ಳುವುದು ಲೇಸು. ನೋವಿರುವವರು ಎತ್ತರದ ಮಣೆಯನ್ನೋ ಕುರ್ಚಿಯನ್ನೋ ಬಳಸಲು ಸಂಕೋಚಪಡಬೇಕಾಗಿಲ್ಲ. ತರಕಾರಿಗೆ ಅಭಿಮಾನವಿಲ್ಲ, ಮೇಜಿನ ಮೇಲೂ ಅದು ಹೋಳಾಗುತ್ತದೆ.

ಎಲ್ಲ ಉಪಾಯಗಳೂ ಮುಗಿದು, ರಾತ್ರಿಯ ನಿದ್ರೆಗೂ ನೋವು ಅಡ್ಡಬರುವ ಹಂತದಲ್ಲಿ ಕೃತಕ ಕೀಲಿನ ಜೋಡಣೆ ಉಪಯುಕ್ತವೇ. ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಕೃತಕ ಮೊಣಕಾಲುಗಳು 25 ವರ್ಷ ಬಾಳುತ್ತವೆಂದು 2019ರ ಸಮೀಕ್ಷೆಯೊಂದು ಲೆಕ್ಕ ಹಾಕಿತು. ಆದರೆ ಶಸ್ತ್ರವೈದ್ಯನು ಬದಲಿಸುವುದು ಎಲುಬಿನ ಸವೆದ ಮೇಲ್ಮೈಯನ್ನು. ಲೋಹದ ಆ ಕೀಲನ್ನು ನಡೆಸಬೇಕಾದದ್ದು ಹಳೆಯ ಸ್ನಾಯುಗಳೇ. ಶಸ್ತ್ರಚಿಕಿತ್ಸೆಗೆ ಮುನ್ನ ತೊಡೆಯನ್ನು ಬಲಪಡಿಸಿಕೊಂಡವರು ಬೇಗ ಚೇತರಿಸಿಕೊಳ್ಳುತ್ತಾರೆ.

ಕೆಲವು ಲಕ್ಷಣಗಳಲ್ಲಿ ಮಾತ್ರ ಮನೆಮದ್ದಿಗೆ ಅವಕಾಶವಿಲ್ಲ. ಜ್ವರದೊಡನೆ ಮೊಣಕಾಲು ಕೆಂಪಾಗಿ ಬಿಸಿಯಾಗಿ ಊದಿದರೆ, ಪೆಟ್ಟಾದ ಕೆಲವು ಗಂಟೆಗಳಲ್ಲಿಯೇ ದಪ್ಪಗಾದರೆ, ಬಾಗಿದ ಮಂಡಿ ನೆಟ್ಟಗಾಗದೆ ಸಿಕ್ಕಿಹಾಕಿಕೊಂಡರೆ ಅಂದೇ ವೈದ್ಯರನ್ನು ಕಾಣಬೇಕು.

ಇನ್ನು ನಿತ್ಯದ ಓಡಾಟ. 1984ರ ಅಕ್ಟೋಬರ್ 24ರಂದು ದೇಶದ ಮೊದಲ ಮೆಟ್ರೋ ರೈಲು ಈ ನಗರದ ನೆಲದಡಿಯಲ್ಲಿ ಓಡತೊಡಗಿದಂದಿನಿಂದ ಕೋಲ್ಕತ್ತದ ನಿವಾಸಿಗಳ ದಿನಚರಿಗೆ ಮೆಟ್ಟಿಲುಗಳೂ ಸೇರಿಕೊಂಡಿವೆ. ಒಂದು ಮಂಡಿಯಲ್ಲಿ ನೋವಿದ್ದರೆ ಹತ್ತುವಾಗ ಒಳ್ಳೆಯ ಕಾಲನ್ನು ಮೊದಲು ಮೇಲಿಡಬೇಕು, ಇಳಿಯುವಾಗ ನೋವಿನ ಕಾಲನ್ನು ಮೊದಲು ಕೆಳಗಿಡಬೇಕು; ಎರಡರಲ್ಲಿಯೂ ದೇಹವನ್ನು ಎತ್ತುವ ಅಥವಾ ಇಳಿಸುವ ಶ್ರಮ ಒಳ್ಳೆಯ ಕಾಲಿನ ಪಾಲಾಗುತ್ತದೆ. ಊರುಗೋಲನ್ನು ನೋವಿಲ್ಲದ ಬದಿಯ ಕೈಯಲ್ಲಿ ಹಿಡಿಯಬೇಕು. ಚಲನಚಿತ್ರಗಳ ಮುದುಕರು ಬಹುತೇಕ ಕುಂಟುವ ಕಾಲಿನ ಬದಿಯಲ್ಲಿಯೇ ಕೋಲೂರುವುದನ್ನು ನೋಡಿ ಅನುಸರಿಸತಕ್ಕದ್ದಲ್ಲ. ಕೋಲಿನ ಹಿಡಿ, ನಿಂತಾಗ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಅದರ ತುದಿಗೆ ರಬ್ಬರಿನ ಕಟ್ಟಿರುವುದು ಅಗತ್ಯ. ಮಳೆಗಾಲದಲ್ಲಿ ಪಾಚಿಗಟ್ಟುವ ಇಲ್ಲಿಯ ಕಾಲುದಾರಿಗಳಲ್ಲಂತೂ ಸವೆದ ರಬ್ಬರನ್ನು ಆಗಿಂದಾಗ್ಗೆ ಬದಲಿಸುತ್ತಿರಬೇಕು.